ಮೂರು ಚುಕ್ಕೆಯ ಕತ್ತಿ

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ನನ್ನ ಗೆಳೆಯರಲ್ಲಿ ಅಂಚೆಚೀಟಿ ಕೂಡಿಡುವವರಿದ್ದಾರೆ, ಹಳೆಯ ನಾಣ್ಯಗಳಿಗಾಗಿ ಊರೂರು ಅಲೆಯುವವರಿದ್ದಾರೆ. ನನಗೆ ಹಿಡಿದಿರುವುದು ಕತ್ತಿಯ ಹುಚ್ಚು. ಇದನ್ನು ಕೇಳಿ ಓದುಗರು ಹೆದರಬೇಕಾಗಿಲ್ಲ. ಕೋಳಿ ಕೊಯ್ಯುವುದನ್ನೂ ಕಣ್ಣುಬಿಟ್ಟು ನೋಡಲಾರದ ಧೈರ್ಯಶಾಲಿ ನಾನು! ನಮ್ಮ ಮನೆಯ ಜಗಲಿಯ ಗೋಡೆಯಲ್ಲಿ ಒಂದು ಕುಡುಗೋಲು, ಎರಡು ಮಚ್ಚು, ಮಡಿಕೇರಿಯಿಂದ ತಂದ ಪೀಚೆಕತ್ತಿ, ಅಜ್ಜಿಯ ಅಡಕೊತ್ತು ಇವೆ. ಎಲ್ಲಕ್ಕೂ ನಡುವೆ ಅಜ್ಜನ ಮರಗಸಿ ಕತ್ತಿ.

ಕಾಫಿ ತೋಟದ ಸೀಮೆಯವರಲ್ಲದವರಿಗೆ ಒಂದು ಮಾತು. ಮಳೆಗಾಲಕ್ಕೆ ಮುಂಚೆ ನೆರಳುಮರಗಳ ಕೊಂಬೆ ಕಡಿದು ಗಿಡಗಳಿಗೆ ಬೆಳಕು ಬಿಡುವ ಕೆಲಸವೇ ಮರಗಸಿ. ಅಜ್ಜ ಆ ಕತ್ತಿಯನ್ನು ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸಿಕೊಂಡು ಮರ ಹತ್ತುತ್ತಿದ್ದರಂತೆ. ಅದರ ಹಿಡಿಯ ಬಳಿ ಮೂರು ಚುಕ್ಕೆಗಳ ಗುರುತಿದೆ. ಆ ಗುರುತು ಚೆನ್ನಾಗಿ ಕಾಣಲೆಂದು, ಹೋದ ವರ್ಷ ರಜೆಯಲ್ಲಿ ನಾನು ನೆರೆಮನೆಯಿಂದ ಗ್ರೈಂಡರ್ ತಂದು ಕತ್ತಿಯನ್ನು ಕನ್ನಡಿಯಂತೆ ಉಜ್ಜಿದೆ. ಬಾಯಿಯ ಉದ್ದಕ್ಕೂ ನವಿಲುಗರಿಯಂಥ ನೀಲಿ ಬಣ್ಣ ಬಂತು. ನನಗೆ ಬಹಳ ಹಿಗ್ಗಾಯಿತು. ಅಪ್ಪ ಅದನ್ನು ತೆಗೆದುಕೊಂಡು ಹಿತ್ತಲಿನ ಹಲಸಿನ ಕೊಂಬೆಗೆ ಒಂದೇಟು ಹಾಕಿದರು. ಬಾಯಿ ಮಡಿಚಿಕೊಂಡಿತು. ಏನೂ ಅನ್ನದೆ ಮತ್ತೆ ಮೊಳೆಗೆ ತೂಗುಹಾಕಿ ಒಳಗೆ ಹೋದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಅಮೆರಿಕದ ಅಟ್ಲಾಂಟದಲ್ಲಿ ಕತ್ತಿ ಮಾಡುವವರು ವರ್ಷಕ್ಕೊಮ್ಮೆ ಸೇರಿ ದೊಡ್ಡ ಪ್ರದರ್ಶನ ನಡೆಸುತ್ತಾರೆ. ಅಲ್ಲಿಗೆ ಹೋಗುವ ಯೋಗ ನಮಗೆಲ್ಲಿಯದು? ನನ್ನ ಪಾಲಿಗೆ ಸಕಲೇಶಪುರದ ಸಂತೆಯೇ ಪ್ರದರ್ಶನ. ಕಾಗದದಲ್ಲಿ ಸುತ್ತಿದ ಅಜ್ಜನ ಕತ್ತಿಯೊಡನೆ ಅಲ್ಲಿಗೆ ಹೋದೆ. ಮೂರು ಚುಕ್ಕೆಯ ಇನ್ನೊಂದು ಕತ್ತಿ ಸಿಕ್ಕೀತೆಂಬ ಆಸೆ.

ಗೋಣಿತಾಟುಗಳ ಮೇಲೆ ಕತ್ತಿಗಳು ಮಲಗಿದ್ದವು. ನಾನು ಬಾಗು ನೋಡುತ್ತಿದ್ದೆ, ಹಿಡಿಯ ಮರ ನೋಡುತ್ತಿದ್ದೆ. ಪಕ್ಕದಲ್ಲಿ ತೋಟದ ಕೆಲಸದ ಹೆಂಗಸೊಬ್ಬರು ಕತ್ತಿಯೊಂದನ್ನೆತ್ತಿ, ಒಂದು ಕಣ್ಣು ಮುಚ್ಚಿ ಬಾಯಿಯ ನೇರ ನೋಡಿದರು. ಉಗುರಿನಿಂದ ಮೀಟಿ ನಾದ ಕೇಳಿದರು. ಗಾಳಿಯಲ್ಲಿ ಎರಡು ಸಲ ಬೀಸಿ, “ಮುಂದ್ಕೆ ಭಾರ” ಎಂದು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಂಡರು. ಇಷ್ಟು ವರ್ಷಗಳಲ್ಲಿ ನಾನು ಒಂದು ಕತ್ತಿಯನ್ನೂ ಬೀಸಿ ನೋಡಿರಲಿಲ್ಲ.

ಮುದುಕ ಆಚಾರಿಯ ಮುಂದೆ ನನ್ನ ಪೊಟ್ಟಣ ಬಿಚ್ಚಿದೆ. ಚುಕ್ಕೆಗಳ ಕಡೆಗೆ ಅವರು ಕಣ್ಣನ್ನೇ ಹಾಯಿಸಲಿಲ್ಲ.

“ಯಾರು ಮಾರಾಯ ಇದಕ್ಕೆ ಗ್ರೈಂಡರ್ ಹಿಡ್ದೋರು?”

“ನಾನೇ, ಆಚಾರ್ರೇ.”

“ಹದ ಸುಟ್ಟಾಕಿದೀಯ” ಎಂದವರೇ ಅರವನ್ನು ಬಾಯಿಯ ಮೇಲೆ ಆಡಿಸಿದರು. ಅದು ಕಚ್ಚಿಕೊಂಡಿತು. ಹೊಸ ಕತ್ತಿಯ ಮೇಲೆ ಆಡಿಸಿದರೆ ಜಾರಿತು. ಈಗ ಅವರು ಮಾಡುವುದೆಲ್ಲ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ. ಅಜ್ಜನದು ಹಾಗಲ್ಲ, ಮೆದು ಕಬ್ಬಿಣದ ನಡುವೆ ಉಕ್ಕಿನ ಪಟ್ಟಿಯನ್ನಿಟ್ಟು ಬೆಸೆದದ್ದು. ಆ ಉಕ್ಕಿನಲ್ಲಿ ಅರ್ಧ ಬೆರಳಿನಷ್ಟನ್ನು ನನ್ನ ಯಂತ್ರ ತಿಂದುಹಾಕಿತ್ತು.

ನಾಚಿಕೆಯೆಂದರೆ, ಉಕ್ಕಿನ ಚರಿತ್ರೆ ನನಗೆ ಬಾಯಿಪಾಠ. ಜಾರ್ಜ್ ಪಿಯರ್ಸನ್ ಎಂಬಾತ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗಾಗಿ ಬರೆದ ‘ವೂಟ್ಸ್’ ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿದ್ದೆಂದು ವಿದ್ವಾಂಸರು ಹೇಳುತ್ತಾರೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಇಲ್ಲಿ ಉಕ್ಕು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ. ಇದನ್ನೆಲ್ಲ ಸೆಮಿನಾರಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದವನು, ನೀಲಿ ಬಂತೆಂದರೆ ಉಕ್ಕು ಮೆತ್ತಗಾಯಿತೆಂದು ತಿಳಿಯದೆ ಹೋದೆ.

“ಮತ್ತೆ ಹದ ಹಾಕ್ಬೋದು. ನೀರಿಗಿಟ್ಟಾಗ ಸೀಳಿದ್ರೆ ನನ್ನ ಕೇಳ್ಬೇಡ. ಗೋಡೆಗಾದ್ರೆ ಹಿಂಗೇ ಇರ್ಲಿ, ಚೆಂದಾಗೈತೆ” ಎಂದರು. ಆ ಕೊನೆಯ ಮಾತು ನನ್ನನ್ನು ಚುಚ್ಚಿತು.

ಭಾನುವಾರ ಆಲೂರಿನ ಹತ್ತಿರದ ಅವರ ಕುಲುಮೆಗೆ ಹೋದೆ. ತಿದಿಯ ಜಾಗದಲ್ಲಿ ಕರೆಂಟಿನ ಬ್ಲೋವರ್ ಇತ್ತು. ಇದ್ದಲು ಮಾತ್ರ ಹಳೆಯದೇ. ಮಡಿಚಿದ ಬಾಯನ್ನು ಬಡಿದು ನೆಟ್ಟಗೆ ಮಾಡಿ, ಕೆಂಪಗೆ ಕಾಯಿಸಿ, ಬಾಯಷ್ಟನ್ನೇ ನೀರಿಗಿಟ್ಟರು. ಸೀಳಿದರೆ ‘ಟಿಣ್’ ಎನ್ನುತ್ತದೆ ಎಂದು ಮೊದಲೇ ಹೇಳಿದ್ದರು. ಚೊಯ್ಯೆಂಬ ಸದ್ದಿನ ಒಳಗೆ ನಾನು ಆ ‘ಟಿಣ್’ಗಾಗಿ ಉಸಿರು ಬಿಗಿಹಿಡಿದು ನಿಂತೆ. ಬರಲಿಲ್ಲ. ಮೇಲೆತ್ತಿ ಕಲ್ಲಿನಿಂದ ಉಜ್ಜಿದರು. ಬೆನ್ನಿನ ಬಿಸಿ ಬಾಯಿಯ ಕಡೆಗೆ ಇಳಿಯುತ್ತ ಬಂತು. ಒಣಹುಲ್ಲಿನ ಹಳದಿ ಅಂಚನ್ನು ಮುಟ್ಟಿದ್ದೇ ತಡ, ಮತ್ತೆ ನೀರು. ಒಂದು ಗಳಿಗೆ ಬಿಟ್ಟಿದ್ದರೆ ಮತ್ತದೇ ನೀಲಿ.

ಹೊಳಪೆಲ್ಲ ಹೋಗಿ ಕತ್ತಿ ಕರಿಹಿಡಿಯಿತು. ಚುಕ್ಕೆಗಳಲ್ಲಿ ಎರಡು ಮಾತ್ರ ಸರಿಯಾಗಿ ಕಾಣುತ್ತವೆ.

ಈ ಸಲದ ಮರಗಸಿಗೆ ಅಪ್ಪ ಅದನ್ನು ನನ್ನನ್ನು ಕೇಳದೆಯೇ ಗೋಡೆಯಿಂದ ತೆಗೆದುಕೊಂಡು ಹೋದರು. ಸಂಜೆ ಹಿಂದಿರುಗಿದಾಗ ಬಾಯಿಯ ತುಂಬ ಹಲಸಿನ ಮೇಣ. ನನ್ನ ಕೈಗೆ ಕೊಟ್ಟು, “ಎಣ್ಣೆ ಹಚ್ಚಿ ಒರೆಸಿಡು, ಗ್ರೈಂಡರ್ ತರ್ಬೇಡ” ಎಂದರು.