ಮಳೆಗಾಲದ ನಡುಗಡ್ಡೆ

ಹೋದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ದೂರವಾಣಿಯಲ್ಲಿ ಕ್ಷೇಮ ಸಮಾಚಾರ ಮುಗಿಸಿದ ಮೇಲೆ ಕೇಳಿದನು: “ಸರ, ಮಡ್ಡಿ ಮ್ಯಾಲ ಮನಿ ಕಟ್ಟಲ್ಯೋ, ಇಲ್ಲೇ ಇರಲ್ಯೋ? ನೀವು ಏನಂತೀರಿ?” ವಿಚಾರಿಸಿ ಹೇಳುತ್ತೇನೆ ಎಂದೆ. ಇದೇ ಪ್ರಶ್ನೆಗೆ 2005ರಲ್ಲಿ ಅವನ ತಂದೆಯವರಿಗೆ ನಾನು ಬಹಳ ಬೇಗ ಉತ್ತರ ಕೊಟ್ಟಿದ್ದೆ. ಆ ಅವಸರ ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಕಲಿತ ನಿಮಗೆ ಅದು ಬೇಕಾಗಿಲ್ಲ. ಉಳಿದವರು ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ತಾಲ್ಲೂಕುಗಳ ಕೃಷ್ಣಾ ದಂಡೆಯ ಯಾವ ಊರನ್ನು ನೆನೆದರೂ ತಪ್ಪಾಗದು. ವರ್ಷದ ಹತ್ತು ತಿಂಗಳು ಅದು ಎಲ್ಲ ಊರುಗಳಂತೆಯೇ ಒಂದು ಊರು. ಸಹ್ಯಾದ್ರಿಯಲ್ಲಿ ಪುಷ್ಯಾ, ಆಶ್ಲೇಷಾ ಮಳೆಗಳು ಹಿಡಿದು ಸುರಿದರೆ ಅದು ನಡುಗಡ್ಡೆ.

ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಗೆ ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಬಳಿ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಸೇರುತ್ತವೆ. ನಿಪ್ಪಾಣಿ ಕಡೆಯಿಂದ ವೇದಗಂಗೆಯನ್ನು ಕೂಡಿಸಿಕೊಂಡು ಬರುವ ದೂಧಗಂಗೆ ಯಡೂರಿನ ಹತ್ತಿರ ಬಂದು ಕೂಡುತ್ತದೆ. ಇಷ್ಟು ನದಿಗಳ ನೀರನ್ನು ಹೊತ್ತು ಕೃಷ್ಣೆ ನಮ್ಮ ಸಪಾಟು ಎರೆಭೂಮಿಗೆ ಇಳಿಯುತ್ತಾಳೆ. ಮೊದಲು ಮುಳುಗುವವು ಕೆಳಮಟ್ಟದ ಸೇತುವೆಗಳು ಮತ್ತು ಬಾಂದಾರಗಳು. ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ಎಂಬ ಜೋಡಿ ಹೆಸರುಗಳನ್ನು ಪತ್ರಿಕೆಗಳಲ್ಲಿ ಮಳೆಗಾಲ ಬಂದಾಗಲೆಲ್ಲ ನೀವು ಓದಿರುತ್ತೀರಿ.

ದಂಡೆಯ ಮೇಲೆ ಬಾಳದವರಿಗೆ ಒಂದು ಸಂಗತಿ ತಿಳಿಯದು. ನೀರು ನದಿಯ ಕಡೆಯಿಂದ ಊರನ್ನು ಏರಿ ಬರುವುದಕ್ಕೆ ಮೊದಲೇ ಬೆನ್ನ ಹಿಂದಿನ ಹಳ್ಳದಲ್ಲಿ ಹಿಮ್ಮುಖವಾಗಿ ನುಗ್ಗಿ ರಸ್ತೆಯನ್ನು ಕಡಿದುಬಿಡುತ್ತದೆ. ಮನೆಯ ಹೊಸ್ತಿಲು ಇನ್ನೂ ಒಣಗಿರುವಾಗಲೇ ಊರು ಹೊರಜಗತ್ತಿನಿಂದ ಬೇರೆಯಾಗಿರುತ್ತದೆ. ಆಮೇಲೆ ಹಾಲಿನ ಗಾಡಿ ಬರದು, ವೈದ್ಯರು ಬರರು, ಬಸುರಿ ಹೆಂಗಸು ಆಸ್ಪತ್ರೆಗೆ ನಾವೆಯಲ್ಲಿಯೇ ಹೋಗಬೇಕು. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ದಿನಗಳನ್ನು ಹೇಗೆ ತುಂಬಬೇಕೆಂಬುದೇ ನನಗೆ ಸಮಸ್ಯೆಯಾಗುತ್ತಿತ್ತು. ಏಳನೆಯ ತರಗತಿಯಲ್ಲಿ ಮೊದಲನೆಯವಳಾದ ಒಬ್ಬ ಹುಡುಗಿಯನ್ನು ಅವಳ ಮನೆಯವರು ಪ್ರೌಢಶಾಲೆಗೆ ಕಳಿಸಲಿಲ್ಲ. ಶಾಲೆ ಆಚೆ ದಂಡೆಯಲ್ಲಿತ್ತು, ನಡುವೆ ನದಿ ಇತ್ತು. ನಾನು ಎರಡು ಸಲ ಹೋಗಿ ಹೇಳಿದೆ. “ನಾವಿ ಮಗಚಿದ್ರ ನೀವು ಜವಾಬ್ದಾರಿ ಏನ್ರಿ?” ಎಂದು ಅವಳ ಅಜ್ಜಿ ಕೇಳಿದಳು. ನಾನು ಹಿಂದಿರುಗಿದೆ.

2005ರ ಮಹಾಪೂರ ಇಳಿದ ಮೇಲೆ ನಮ್ಮ ಶಾಲೆಯ ಅಂಗಳದಲ್ಲಿ ಸಭೆ ಸೇರಿತ್ತು. ಎತ್ತರದ ಮಡ್ಡಿಯಲ್ಲಿ ನಿವೇಶನಗಳನ್ನು ಕೊಡುವ ಮಾತು ಬಂದಿತ್ತು. ಕಲಿತವನೆಂದು ನನ್ನನ್ನು ಮಾತನಾಡಲು ಎಬ್ಬಿಸಿದರು. ಆ ಹುಡುಗಿಯ ನೆನಪು ಮನಸ್ಸಿನಲ್ಲಿತ್ತು. ಮಕ್ಕಳ ಭವಿಷ್ಯಕ್ಕಾಗಿ ಎಲ್ಲರೂ ಊರು ಬಿಡಲೇಬೇಕು ಎಂದೆ. ಆಗ ಈ ವಿದ್ಯಾರ್ಥಿಯ ತಂದೆಯವರು ಎದ್ದು ನಿಂತು, “ಮಾಸ್ತರ್ರ, ನಾವೇನೋ ಮಡ್ಡಿಗಿ ಹೋಗ್ತೀವ್ರಿ. ಎಮ್ಮಿ ಎಲ್ಲಿ ಕಟ್ಟೂದು? ಹೊಲ ಇಲ್ಲಿ, ಮೇವು ಇಲ್ಲಿ” ಎಂದರು. “ಜೀವ ದೊಡ್ಡದೋ ಎಮ್ಮೆ ದೊಡ್ಡದೋ?” ಎಂದುಬಿಟ್ಟೆ. ಸಭೆ ನಕ್ಕಿತು. ಅವರು ಕುಳಿತರು. ವಾದದಲ್ಲಿ ಗೆದ್ದೆನೆಂದು ಭಾವಿಸಿದೆ.

ಅದು ಪ್ರಶ್ನೆಯೇ ಆಗಿತ್ತು, ಹಟವಾಗಿರಲಿಲ್ಲ ಎಂದು ಅರಿಯಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು. ಕೆಲವರು ಹಕ್ಕುಪತ್ರ ಪಡೆದು ಪೆಟ್ಟಿಗೆಯಲ್ಲಿಟ್ಟರು. ಕೆಲವರು ಮಡ್ಡಿಯಲ್ಲಿ ಒಂದು ಬೇಸಿಗೆ ಕಳೆದು ಮರಳಿದರು. ಮುಂಜಾನೆ ಐದಕ್ಕೆ ಹಾಲು ಕರೆಯುವವಳು ಮೈಲುಗಟ್ಟಲೆ ದೂರದ ಮೇವನ್ನು ತಲೆಯ ಮೇಲೆ ಹೊತ್ತು ಏರುವುದಾದರೂ ಹೇಗೆ? ಮುಳುಗಿಸುವ ನೀರೇ ಕಬ್ಬನ್ನು ಬೆಳೆಸುವ ನೀರು. ಕಬ್ಬು ಕಾರ್ಖಾನೆಗೆ ಹೋದರೆ ಮಾತ್ರ ಸಾಲ ತೀರುವುದು, ಮದುವೆ ಆಗುವುದು.

2019ರ ಆಗಸ್ಟಿನಲ್ಲಿ ನೀರು ಮತ್ತೆ ಬಂದಿತು. ನಾನಾಗ ನಿವೃತ್ತನಾಗಿ ಚಿಕ್ಕೋಡಿಯ ಎತ್ತರದ ಬಡಾವಣೆಯಲ್ಲಿ ಬೆಚ್ಚಗಿದ್ದೆ. ರಕ್ಷಣಾ ದಳದ ಬೋಟು ಬಂದಾಗ ಆ ಹಿರಿಯರು ಹತ್ತಲಿಲ್ಲವಂತೆ. ಎರಡನೆಯ ಸಲ ಬಂದಾಗ ನಾಲ್ಕೂ ಎಮ್ಮೆಗಳ ಹಗ್ಗವನ್ನು ತಾವೇ ಕೊಯ್ದು, ಅವುಗಳ ಬೆನ್ನು ಸವರಿ, ಬೋಟು ಹತ್ತಿದರಂತೆ. ನೀರು ಇಳಿದ ಮೇಲೆ ಒಂದು ಮಾತ್ರ ಮರಳಿ ಬಂದಿತು. ಪರಿಹಾರ ಕೇಂದ್ರದಲ್ಲಿ ಅವರನ್ನು ಕಂಡೆ. ನನ್ನನ್ನು ನೋಡಿ ಎದ್ದು ನಿಂತರು. 2005ರ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ವರ್ಷ ಪೂರ್ಣ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ನಮ್ಮ ಊರಿನಲ್ಲಿ ಹಲವರು ಹಳೆಯ ಪಾಯದ ಮೇಲೆಯೇ ಮತ್ತೆ ಗೋಡೆ ಎಬ್ಬಿಸಿದರು. 2021ರಲ್ಲಿ ಮತ್ತೆ ನೀರು, 2024ರಲ್ಲಿ ಮತ್ತೆ ನೀರು.

ಈ ಚಿಂತೆಯಲ್ಲಿದ್ದಾಗ ಬಹುದೂರದ ಒಂದು ಊರಿನ ಕಥೆ ಓದಿದೆ. ಪಾಪುವಾ ನ್ಯೂಗಿನಿ ದೇಶದ ಬೂಗನ್‌ವಿಲ್ ಪ್ರಾಂತದಲ್ಲಿ ಕಾರ್ಟರೆಟ್ ಎಂಬ ಸಣ್ಣ ದ್ವೀಪಗಳಿವೆ. ಅವುಗಳ ಅತಿ ಎತ್ತರದ ನೆಲವೂ ಸಮುದ್ರದಿಂದ ಸುಮಾರು ಒಂದೂವರೆ ಮೀಟರ್ ಮಾತ್ರ. ಉಪ್ಪುನೀರು ನುಗ್ಗಿ ಅವರ ಕೆಸುವಿನ ಗಡ್ಡೆಯ ತೋಟಗಳು ಹಾಳಾದವು. ಸರ್ಕಾರಕ್ಕಾಗಿ ಕಾಯುತ್ತ ಕೂಡದೆ ಅಲ್ಲಿಯ ಹಿರಿಯರು 2006ರಲ್ಲಿ ‘ತುಲೆಲೆ ಪೇಸಾ’ ಎಂಬ ತಮ್ಮದೇ ಸಂಸ್ಥೆ ಕಟ್ಟಿದರು. ಅಲೆಗಳ ಮೇಲೆ ನಾವೇ ಹಾಯುವೆವು ಎಂದು ಅದರ ಅರ್ಥ. ದೊಡ್ಡ ದ್ವೀಪದಲ್ಲಿ ಕ್ಯಾಥೊಲಿಕ್ ಚರ್ಚು ಕೊಟ್ಟ ನೆಲದಲ್ಲಿ ಕುಟುಂಬಕ್ಕೆ ಒಂದು ಹೆಕ್ಟೇರಿನಂತೆ ಯೋಜನೆ ಹಾಕಿದರು. ಮನೆಯ ಜೊತೆಗೆ ಊಟದ ತೋಟ, ಮಾರಾಟಕ್ಕೆ ಕೋಕೋ ಗಿಡ. ಹೋದ ಕುಟುಂಬಗಳು ಕೆಲವೇ. ಬಹಳ ಜನ ಇನ್ನೂ ದ್ವೀಪದಲ್ಲಿಯೇ ಇದ್ದಾರೆ. ಆದರೂ ಅವರು ಲೆಕ್ಕವನ್ನು ಸರಿಯಾದ ತುದಿಯಿಂದ ಆರಂಭಿಸಿದರು: ಮೊದಲು ಅನ್ನ, ಅದರೊಂದಿಗೆ ಮನೆ. ನಾನು ಸಭೆಯಲ್ಲಿ ಮನೆಯನ್ನಷ್ಟೇ ಎಣಿಸಿದ್ದೆ.

ಹಾಗಾದರೆ ಊರು ಬಿಡಬಾರದೇ? ಬಿಡಬೇಕು ಎಂದೇ ಈಗಲೂ ನನ್ನ ಮತ. ಹುಡುಗಿಯೊಬ್ಬಳ ಶಿಕ್ಷಣ ನಾವೆಯ ಮೇಲೆ ನಿಂತಿರಬಾರದು. ಆದರೆ ಮನುಷ್ಯರನ್ನು ಮಾತ್ರ ಸ್ಥಳಾಂತರಿಸಿದರೆ ಊರು ಸ್ಥಳಾಂತರವಾಗದು. ನಿವೇಶನದ ಪಕ್ಕದಲ್ಲಿ ಕೊಟ್ಟಿಗೆಗೆ ಜಾಗ, ದನಗಳಿಗೆ ನೀರು, ಕೆಳಗಿನ ಹೊಲಕ್ಕೆ ಗಾಡಿ ಹೋಗುವ ರಸ್ತೆ, ಹತ್ತಿರದಲ್ಲಿ ಶಾಲೆ, ಇಷ್ಟಾದರೂ ಜೊತೆಯಲ್ಲಿ ಏರಬೇಕು. ಮಹಾಪೂರ ಬಂದಾಗ ದನಗಳನ್ನು ಮೊದಲು ಮಡ್ಡಿಗೆ ಹೊಡೆದುಕೊಂಡು ಹೋಗುವ ವ್ಯವಸ್ಥೆಯಿದ್ದರೆ ಮನುಷ್ಯರು ತಾವಾಗಿಯೇ ಹಿಂದೆ ಬರುತ್ತಾರೆ.

ನಿನ್ನೆ ಆ ವಿದ್ಯಾರ್ಥಿಗೆ ದೂರವಾಣಿ ಮಾಡಿ ಇದನ್ನೇ ಹೇಳಿದೆ. “ಒಬ್ಬನೇ ಹೋಗಬೇಡ. ಓಣಿಯವರೆಲ್ಲ ಕೂಡಿ ಹೋಗಿರಿ, ಕೊಟ್ಟಿಗೆಯ ಜಾಗವನ್ನೂ ಕೂಡಿ ಕೇಳಿರಿ. ಅರ್ಜಿ ನಾನು ಬರೆದುಕೊಡುತ್ತೇನೆ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಗ ನೀವೇ ಬಂದು ಹೇಳ್ರಿ ಸರ. ನಾ ಹೇಳಿದ್ರ ಕೇಳೂದಿಲ್ಲ” ಎಂದನು.

ಹೋಗುವವನಿದ್ದೇನೆ. ಅವರಿಗೀಗ ಎಂಬತ್ತರ ಹತ್ತಿರ. ಈ ಸಲ ಅವರು ಮಾತನಾಡಲಿ, ನಾನು ಕುಳಿತು ಕೇಳುತ್ತೇನೆ. ಮೊದಲು ಎಮ್ಮೆಯ ವಿಷಯ.