ಹೆಂಗಸರು ಕಾಲಿಡದ ಬೆಟ್ಟದ ಬುಡದಲ್ಲಿ

ಮಕ್ಕಳ ಭೂಪಟ ಮನೆಯಲ್ಲಿದ್ದರೆ ಒಮ್ಮೆ ತೆರೆದು ಗ್ರೀಸ್ ದೇಶದ ಉತ್ತರ ಭಾಗವನ್ನು ನೋಡಿ. ಸಮುದ್ರದೊಳಕ್ಕೆ ಮೂರು ಬೆರಳು ಚಾಚಿದ ಹಾಗೆ ನೆಲ ಚಾಚಿಕೊಂಡಿದೆ. ಆ ಸೀಮೆಯ ಹೆಸರು ಹಲ್ಕಿದಿಕಿ. ಪೂರ್ವದ ಬೆರಳಿನ ತುದಿಯಲ್ಲಿರುವುದೇ ಆಥೋಸ್ ಬೆಟ್ಟ. ಎತ್ತರ 2033 ಮೀಟರ್. ಅಲ್ಲಿ 20 ಕ್ರೈಸ್ತ ಮಠಗಳಿವೆ. ಸುಮಾರು ಸಾವಿರ ವರ್ಷದಿಂದ ಅಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ. ಹಾಲಿಗೆಂದು ಹಸು, ಆಡು ಕೂಡ ಸಾಕುವುದಿಲ್ಲ. ಇಲಿ ಹಿಡಿಯಬೇಕಲ್ಲ, ಬೆಕ್ಕಿಗೆ ಮಾತ್ರ ವಿನಾಯಿತಿ!

ಪ್ರವೇಶವೇ ಇಲ್ಲದ ಕಡೆಗೆ ನೀವೇಕೆ ಹೋದಿರಿ ಎನ್ನುತ್ತೀರಾ? ನನ್ನ ಮಗಳು ಥೆಸಲೊನೀಕಿ ನಗರದಲ್ಲಿ ಓದುತ್ತಿದ್ದಾಳೆ. ಎರಡು ತಿಂಗಳು ಅವಳ ಜೊತೆ ಇರಲು ಹೋಗಿದ್ದೆ. "ಅಮ್ಮಾ, ರಂಗೋಲಿ ಹಾಕೋ ಕೈ ನಿಂದು, ಸುಮ್ಮನೆ ಕೂರಬೇಡ" ಅಂತ ಹೇಳಿ, ಐಕಾನ್ ಬರೆಯಲು ಕಲಿಸುವ ಆರು ದಿನದ ಶಿಬಿರಕ್ಕೆ ನನ್ನ ಹೆಸರನ್ನೂ ತನ್ನ ಹೆಸರನ್ನೂ ಕೊಟ್ಟಳು. ಶಿಬಿರ ನಡೆದದ್ದು ಊರನೂಪೊಲಿ ಎಂಬ ಹಳ್ಳಿಯ ಹತ್ತಿರ. ಥೆಸಲೊನೀಕಿಯಿಂದ ಬಸ್ಸಿನಲ್ಲಿ ಸುಮಾರು ಮೂರು ಗಂಟೆ. ಬೆಟ್ಟದ ಗಡಿಗೆ ಮುಂಚೆ ಅದೇ ಕೊನೆಯ ಹಳ್ಳಿ. ಹೊಸ ಜಾಗಕ್ಕೆ ಹೋಗುವ ಗಂಡಸರು ಅಲ್ಲಿಂದ ಅನುಮತಿ ಚೀಟಿ ಹಿಡಿದು ದೋಣಿ ಹತ್ತುತ್ತಾರೆ. ನಾವು ದಡದಲ್ಲಿ ಉಳಿದೆವು.

ಐಕಾನ್ ಎಂದರೆ ಮರದ ಹಲಗೆಯ ಮೇಲೆ ಬರೆದ ಯೇಸು, ಮೇರಿ ಮಾತೆ ಅಥವಾ ಸಂತರ ಚಿತ್ರ. ಅಲ್ಲಿನವರು ಅದಕ್ಕೆ ದೀಪ ಹಚ್ಚುತ್ತಾರೆ, ಮುತ್ತಿಡುತ್ತಾರೆ. ನಮ್ಮ ದೇವರ ಮನೆಯ ಪಟದ ಹಾಗೇ ಅನ್ನಿ. ಗ್ರೀಕ್ ಭಾಷೆಯಲ್ಲಿ ಈ ಕೆಲಸಕ್ಕೆ 'ಪವಿತ್ರ ಬರವಣಿಗೆ' ಎಂಬ ಅರ್ಥದ ಮಾತಿದೆ. ನಾವೂ ಚಿತ್ರ 'ಬರೆಯುವುದು' ಎಂದೇ ಅಲ್ಲವೇ ಹೇಳುವುದು?

ಹಲಗೆ ಸಿದ್ಧ ಮಾಡುವುದೇ ಒಂದು ತಪಸ್ಸು. ಮರದ ಮೇಲೆ ನಾರುಬಟ್ಟೆ ಅಂಟಿಸಿ, ಸೀಮೆಸುಣ್ಣದ ಪುಡಿಯನ್ನು ಪ್ರಾಣಿಯ ಅಂಟಿನಲ್ಲಿ ಕಲಸಿ ತೆಳ್ಳಗೆ ಎಂಟು ಹತ್ತು ಸಲ ಬಳಿಯುತ್ತಾರೆ. ಒಣಗಿದ ಮೇಲೆ ಉಜ್ಜಿ ಉಜ್ಜಿ ದಂತದಂತೆ ನುಣುಪು ಮಾಡುತ್ತಾರೆ. ಇದಕ್ಕೆ ದಿನಗಟ್ಟಲೆ ಬೇಕಾದ್ದರಿಂದ ನಮಗೆ ಸಿದ್ಧ ಹಲಗೆಯನ್ನೇ ಕೊಟ್ಟರು. ಪ್ರಭಾವಳಿ ಬರುವ ಕಡೆ ಕೆಂಪು ಜೇಡಿ ಬಳಿದು, ಅದರ ಮೇಲೆ ಬಾಯಿ ತೆರೆದು 'ಹಾ' ಎಂದು ಉಸಿರು ಬಿಡಬೇಕು. ಆ ಉಸಿರಿನ ತೇವಕ್ಕೇ ಚಿನ್ನದ ರೇಕು ಹಿಡಿದುಕೊಳ್ಳುತ್ತದೆ! ನಮ್ಮ ಮೈಸೂರು ಶೈಲಿಯ ಪಟಗಳಲ್ಲಿ ಚಿನ್ನದ ರೇಕು ನೋಡಿದ್ದೆ. ಉಸಿರಿನಿಂದ ಅಂಟಿಸುವುದನ್ನು ಅಲ್ಲೇ ಮೊದಲು ಕಂಡದ್ದು.

ಇನ್ನು ಬಣ್ಣ. ಅದನ್ನು ಕಲಸುವುದು ಮೊಟ್ಟೆಯ ಹಳದಿಯಲ್ಲಿ. ನಮ್ಮ ಮನೆಯಲ್ಲಿ ಮೊಟ್ಟೆ ತಂದವರೇ ಇಲ್ಲ. ಮೊದಲ ದಿನ ಕೈ ಹಿಂಜರಿಯಿತು. ತಿನ್ನುವುದಕ್ಕಲ್ಲವಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಬಿಳಿಯನ್ನು ಬಸಿದು, ಹಳದಿಯ ಉಂಡೆಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹೊರಳಿಸಿ ಒಣಗಿಸಬೇಕು. ಆಮೇಲೆ ಮೇಲಿನ ಪೊರೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಚುಚ್ಚಿದರೆ ರಸ ಬಟ್ಟಲಿಗೆ ಇಳಿಯುತ್ತದೆ, ಪೊರೆ ಕೈಯಲ್ಲಿ ಉಳಿಯುತ್ತದೆ. ಕೆಡದಿರಲೆಂದು ಸ್ವಲ್ಪ ವಿನಿಗರ್, ನೀರು. ಅದರಲ್ಲಿ ಮಣ್ಣಿನ, ಕಲ್ಲಿನ ಬಣ್ಣದ ಪುಡಿ ಅರೆಯುವುದು. ಅರೆಯುವ ಕೆಲಸ ನಮಗೆ ಹೇಳಿಕೊಡಬೇಕೇ? ನನ್ನ ಬಣ್ಣವೇ ಎಲ್ಲರದಕ್ಕಿಂತ ನುಣ್ಣಗಿತ್ತು!

ಬಟ್ಟೆ, ಕಟ್ಟಡ, ಗಿಡ ಎಲ್ಲ ಮುಗಿದು, ಮುಖ ಕೊನೆಗೆ. ಮುಖಕ್ಕೆ ಮೊದಲು ಬಳಿಯುವುದು ಆಲಿವ್ ಕಾಯಿಯಂಥ ಕಪ್ಪು ಹಸಿರು. ಅದರ ಮೇಲೆ ಒಂದೊಂದೇ ಪದರ ತಿಳಿಬಣ್ಣ, ಕಟ್ಟಕಡೆಗೆ ಕೂದಲೆಳೆಯಂಥ ಬಿಳಿ ಗೆರೆ. ಕತ್ತಲಿಂದ ಬೆಳಕಿಗೆ ಬರುವುದೇ ಈ ಕಲೆಯ ಕ್ರಮ. ಮೇರಿ ಮಾತೆಯ ಮೇಲುಹೊದಿಕೆ ಗಾಢ ಕೆಂಪು, ಹಣೆ ಮತ್ತು ಹೆಗಲುಗಳ ಮೇಲೆ ಮೂರು ನಕ್ಷತ್ರ. ಬರೆದವರು ಸಾಮಾನ್ಯವಾಗಿ ಹೆಸರು ಹಾಕುವುದಿಲ್ಲ. ಚಿತ್ರದಲ್ಲಿರುವವರ ಹೆಸರನ್ನು ಮಾತ್ರ ಬರೆಯಲೇಬೇಕು.

ನಮ್ಮ ಗುರು ಅರವತ್ತು ದಾಟಿದ ಹೆಂಗಸು, ಗಂಡ ಇಲ್ಲದವರು. ಕೂರುವ ಮೊದಲು ಎಲ್ಲರೂ ಪ್ರಾರ್ಥಿಸುತ್ತಿದ್ದರು. "ನೀವು ನಿಮ್ಮ ಭಾಷೆಯಲ್ಲೇ ಹೇಳಿಕೊಳ್ಳಿ" ಎಂದರು ನನಗೆ. ಒಂದು ಸಂಜೆ ಅವರು ಹೇಳಿದ ಚರಿತ್ರೆಯನ್ನು ಮಗಳು ಕನ್ನಡಕ್ಕೆ ತಿರುಗಿಸಿದಳು. 8ನೆಯ ಶತಮಾನದಲ್ಲಿ ಅಲ್ಲಿನ ಚಕ್ರವರ್ತಿಗಳು ಐಕಾನ್ ಪೂಜೆಯನ್ನೇ ನಿಷೇಧಿಸಿದ್ದರಂತೆ. ಚಿತ್ರಗಳನ್ನು ಒಡೆದರು, ಸುಣ್ಣ ಬಳಿದರು. 787ರಲ್ಲಿ ಧರ್ಮಸಭೆ ಸೇರಿಸಿ ಪೂಜೆಯನ್ನು ಮತ್ತೆ ತಂದವಳು ರಾಣಿ ಐರೀನ್. ಮತ್ತೊಮ್ಮೆ ನಿಷೇಧ ಬಂತು. 843ರಲ್ಲಿ ಅದನ್ನು ಕೊನೆಗಾಣಿಸಿದವಳು ರಾಣಿ ಥಿಯೊಡೊರಾ. ಗಂಡನ ಕಾಲದಲ್ಲಿ ಆಕೆ ಐಕಾನುಗಳನ್ನು ಕೋಣೆಯಲ್ಲಿ ಬಚ್ಚಿಟ್ಟು, 'ಇವು ಗೊಂಬೆಗಳು' ಎಂದಳೆಂದು ಕಥೆಯೂ ಇದೆ. ಇಬ್ಬರೂ ವಿಧವೆಯರು. ಇಬ್ಬರೂ ಮಗನ ಪರವಾಗಿ ರಾಜ್ಯ ನಡೆಸುತ್ತಿದ್ದವರು.

ಇದನ್ನು ಕೇಳಿ ನನಗೇಕೆ ನಿದ್ದೆ ಬರಲಿಲ್ಲವೋ ನಿಮ್ಮಲ್ಲಿ ಕೆಲವರಿಗೆ ತಿಳಿದೀತು. ನಮ್ಮವರು ಹೋಗಿ ನಾಲ್ಕು ವರ್ಷ. ಹನ್ನೆರಡನೆಯ ದಿನವೇ ಹಿರಿಯರೊಬ್ಬರು, "ಇನ್ನು ಮೇಲೆ ಬಾಗಿಲ ಮುಂದೆ ರಂಗೋಲಿಗೆ ನೀನು ಕೂರಬೇಡಮ್ಮ, ಕೆಲಸದವಳು ಎರಡು ಗೆರೆ ಎಳೀತಾಳೆ" ಎಂದರು. ಇಪ್ಪತ್ತೆರಡು ವರ್ಷ ಬೆಳಗಾದರೆ ಚುಕ್ಕಿ ಇಟ್ಟ ಕೈ. ಯಾರೂ ಬೈಯಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಎದುರಾಡಲೂ ಬರಲಿಲ್ಲ. ಆ ಶಿಬಿರದಲ್ಲಿ ಮಾತ್ರ ದೇವರ ತಾಯಿಯ ಮುಖ ಬರೆಯಲು ನನ್ನ ಕೈ ಆಗುತ್ತದೋ ಇಲ್ಲವೋ ಎಂದು ಒಬ್ಬರೂ ಕೇಳಲಿಲ್ಲ.

ಊಟದ ವಿಷಯ ಹೇಳಲೇಬೇಕು. ಅಲ್ಲಿನ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸದ ದಿನಗಳು. ಮಾಂಸ, ಹಾಲು, ಮೊಟ್ಟೆ ಬಿಡುತ್ತಾರೆ. 'ನಿಸ್ತಿಸಿಮಾ' ಎಂದು ಕೇಳಿದರೆ ಹುರುಳಿಕಾಯಿ, ಬೇಳೆ ಸಾರು, ಆಲಿವ್ ಎಣ್ಣೆಯ ಪಲ್ಯ ಸಿಗುತ್ತದೆ. ಆದರೆ ಹುಷಾರು, ಆಕ್ಟೋಪಸ್, ಸೀಗಡಿ ಕೂಡ ಅವರ ಉಪವಾಸಕ್ಕೆ ಆಗುತ್ತದೆ! ಕೇಳಿಯೇ ಬಡಿಸಿಕೊಳ್ಳಿ.

ಕೊನೆಯ ದಿನ ನಮ್ಮನ್ನು ದೋಣಿಯಲ್ಲಿ ಕರೆದೊಯ್ದರು. ಹೆಂಗಸರಿರುವ ದೋಣಿ ದಡದಿಂದ 500 ಮೀಟರ್ ದೂರದಲ್ಲೇ ಸಾಗಬೇಕು. ಬಂಡೆಗೆ ಅಂಟಿದ ಹಕ್ಕಿಗೂಡುಗಳ ಹಾಗೆ ಮಠಗಳು ಕಂಡವು. ಆ ಬೆಟ್ಟವನ್ನು ಮೇರಿ ಮಾತೆಯ ತೋಟ ಎನ್ನುತ್ತಾರೆ. ಅಲ್ಲಿನ ಐವಿರೋನ್ ಮಠದಲ್ಲಿ 'ಬಾಗಿಲು ಕಾಯುವ ತಾಯಿ' ಎಂಬ ಹೆಸರಾಂತ ಐಕಾನ್ ಇದೆ. ಹೆಂಗಸರನ್ನು ಬಿಡದ ಬೆಟ್ಟದ ಬಾಗಿಲು ಕಾಯುವವಳು ಒಬ್ಬ ತಾಯಿ! ದೋಣಿಯಲ್ಲಿ ನಾವೆಲ್ಲ ಇದನ್ನು ಹೇಳಿಕೊಂಡು ನಕ್ಕೆವು.

ಹೋಗುವವರಿದ್ದರೆ ಮೇ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಚರ್ಚಿನೊಳಗೆ ತೋಳು, ಕಾಲು ಮುಚ್ಚುವ ಉಡುಪು ಬೇಕು. ನಮ್ಮ ಸೀರೆಗೆ ಯಾರ ಆಕ್ಷೇಪಣೆಯೂ ಇಲ್ಲ.

ನನ್ನ ಹಲಗೆ ಮಗಳ ಕೋಣೆಯಲ್ಲಿದೆ. ಮೊಟ್ಟೆಯ ಬಣ್ಣ ಗಟ್ಟಿಯಾಗಲು ತಿಂಗಳುಗಳೇ ಬೇಕು, ಮೇಲಿನ ಎಣ್ಣೆಯ ಹೊಳಪು ಆಮೇಲೆ. ಇಲ್ಲಿ ಊರಿಗೆ ಬಂದ ಮರುದಿನದಿಂದ ಬಾಗಿಲಿಗೆ ನಾನೇ ರಂಗೋಲಿ ಹಾಕುತ್ತಿದ್ದೇನೆ. ಎದುರುಮನೆಯವರು ಒಂದು ವಾರ ಮಾತಾಡಿಸಲಿಲ್ಲ. ಈಗ ಅವರ ಸೊಸೆ ಹದಿನೈದು ಚುಕ್ಕಿಯದು ಹೇಳಿಕೊಡಿ ಎಂದು ಬರುತ್ತಾಳೆ.