ಗಾಡಿ ಮಾಡುವ ಆಚಾರ್ರು ವಿಮಾನ ನೋಡಿದರು

ಮಳವಳ್ಳಿಯಿಂದ ಮದ್ದೂರಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ನಾವು ಮೂವರಿದ್ದೆವು. ನಾನು, ಏಳನೇ ತರಗತಿ ಓದುವ ನನ್ನ ಮೊಮ್ಮಗಳು, ನಮ್ಮ ಬೀದಿಯ ಆಚಾರ್ರು. ಆಚಾರ್ರಿಗೆ ಎಪ್ಪತ್ತು ದಾಟಿದೆ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಎಷ್ಟೋ ಎತ್ತಿನ ಗಾಡಿಗಳ ಚಕ್ರ, ನೊಗ ಎಲ್ಲ ಅವರ ಕೈಯಲ್ಲೇ ಆಗಿದ್ದವು. ಈಗ ಕಬ್ಬು ಟ್ರ್ಯಾಕ್ಟರ್ ಏರುತ್ತದೆ. ಆಚಾರ್ರು ಬಾಗಿಲು, ಕಿಟಕಿ ರಿಪೇರಿ ಮಾಡಿಕೊಂಡಿದ್ದಾರೆ. ಅವರ ಮಗ ಬೇರೆ ಕೆಲಸ ಹಿಡಿದು ಬೆಂಗಳೂರು ಸೇರಿದ. ಉಳಿ, ಬಾಚಿ ಕಲಿಯುವವರು ಯಾರೂ ಇಲ್ಲ.

ಮೊಮ್ಮಗಳಿಗೆ ವಿಮಾನದ ಹುಚ್ಚು. "ಆಚಾರಿ ತಾತ, ಮರದಲ್ಲಿ ಒಂದು ವಿಮಾನ ಮಾಡ್ಕೊಡ್ತೀರಾ? ನಾನು ಕೂತ್ಕೊಂಡು ಹಾರೋ ಅಂಥದ್ದು" ಎಂದು ಒಂದು ದಿನ ಕೇಳಿಯೇಬಿಟ್ಟಳು. ಅವರು ನಕ್ಕು, "ಮರದ್ದು ಆಟದ ಸಾಮಾನು ಕಣವ್ವ. ಹಾರೋ ವಿಮಾನ ಲೋಹದ್ದಲ್ವಾ?" ಎಂದರು. ಇಬ್ಬರಿಗೂ ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಕಣ್ಣಾರೆ ತೋರಿಸುವುದೇ ಮೇಲು ಎನ್ನಿಸಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ರೈಟ್ ಸೋದರರ ಮೊದಲ ವಿಮಾನದ ಪ್ರತಿಕೃತಿ ಇದೆ, ಅದೂ ಮೂಲದಷ್ಟೇ ದೊಡ್ಡದು. ಅದನ್ನು ನೋಡಲು ಹೊರಟೆವು.

ಆದರೆ ರೈಲು ಹತ್ತುವ ಮುಂಚೆ ಆಟೋ ಮಾಡಿಕೊಂಡು ಕೊಕ್ಕರೆ ಬೆಳ್ಳೂರಿಗೆ ಹೋದೆವು. ಇದು ಮದ್ದೂರು ತಾಲ್ಲೂಕಿನ ಊರು. ಮನೆಗಳ ನಡುವಿನ ಹುಣಸೆಮರಗಳಲ್ಲೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಊರಿನವರು ಅವನ್ನು ಕಾಯುತ್ತಾರೆ.

ಹೆಜ್ಜಾರ್ಲೆ ಸಣ್ಣ ಹಕ್ಕಿಯಲ್ಲ. ರೆಕ್ಕೆ ಬಿಚ್ಚಿದರೆ ಒಬ್ಬ ಮನುಷ್ಯನ ಎತ್ತರಕ್ಕಿಂತ ಅಗಲ. ಅಂಥದ್ದು ಬಿಸಿಲೇರಿದ ಮೇಲೆ ರೆಕ್ಕೆ ಬಡಿಯದೆಯೇ ಸುತ್ತು ಹಾಕುತ್ತ ಮೇಲೇರುತ್ತಿತ್ತು. ಕಾದ ನೆಲದಿಂದ ಏಳುವ ಬಿಸಿಗಾಳಿಯೇ ಅದಕ್ಕೆ ಏಣಿ. "ಇಷ್ಟು ದಪ್ಪ ಹಕ್ಕಿ ಹೆಂಗವ್ವ ಮೇಲೇಳ್ತದೆ?" ಎಂದು ಆಚಾರ್ರು ಬೆರಗಾದರು. ಅದರ ಮೂಳೆಗಳು ಒಳಗೆ ಪೊಳ್ಳು, ಗಾಳಿ ತುಂಬಿರುತ್ತವೆ ಎಂದೆ. "ಬಿದಿರಿನ ಹಾಗೆ" ಎಂದು ಅವರು ತಲೆದೂಗಿದರು.

ಮದ್ದೂರಿಗೆ ಬಂದು ವಡೆ ಕಟ್ಟಿಸಿಕೊಂಡು ರೈಲು ಹತ್ತಿದೆವು. ದಾರಿಯುದ್ದಕ್ಕೂ ರೈಟ್ ಸೋದರರ ಕಥೆ. ವಿಲ್ಬರ್ ಮತ್ತು ಆರ್ವಿಲ್ ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ಇಟ್ಟವರು. ದೊಡ್ಡ ಕಾಲೇಜು ಓದಿದವರಲ್ಲ. ಹಕ್ಕಿಗಳು ರೆಕ್ಕೆಯ ತುದಿಯನ್ನು ಸ್ವಲ್ಪ ತಿರುಚಿ ತೂಕ ಸರಿಮಾಡಿಕೊಳ್ಳುವುದನ್ನು ವಿಲ್ಬರ್ ಗಮನಿಸಿದ್ದರು. 1899ರಲ್ಲಿ ಒಂದು ದಿನ ಅಂಗಡಿಯಲ್ಲಿ ಸೈಕಲ್ ಟ್ಯೂಬಿನ ಉದ್ದನೆಯ ಖಾಲಿ ಪೆಟ್ಟಿಗೆಯನ್ನು ಹಿಡಿದು ಸುಮ್ಮನೆ ತಿರುಚಿದಾಗ ವಿಮಾನದ ರೆಕ್ಕೆಯನ್ನೂ ಹೀಗೇ ತಿರುಚಬಹುದಲ್ಲ ಎಂದು ಹೊಳೆಯಿತು. ಮಕ್ಕಳೇ, ನೀವೂ ಮಾಡಿ ನೋಡಿ. ಟೂತ್‌ಪೇಸ್ಟಿನ ಖಾಲಿ ಡಬ್ಬಿಯ ಎರಡೂ ಬಾಯಿ ತೆರೆದು, ತುದಿಗಳನ್ನು ಹಿಡಿದು ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಿ. ಮೇಲಿನ ಮುಖ ಮೇಲಿನ ರೆಕ್ಕೆ, ಕೆಳಗಿನ ಮುಖ ಕೆಳಗಿನ ರೆಕ್ಕೆ ಎಂದುಕೊಳ್ಳಿ. ಈ ಯೋಚನೆಯನ್ನು ಅವರು ಮೊದಲು ಪರೀಕ್ಷಿಸಿದ್ದು ಒಂದು ಗಾಳಿಪಟದಲ್ಲಿ!

ಮರುದಿನ ವಸ್ತುಸಂಗ್ರಹಾಲಯದಲ್ಲಿ ಆ ವಿಮಾನದ ಮುಂದೆ ನಿಂತೆವು. ರೆಕ್ಕೆಯ ಅಗಲ 12 ಮೀಟರಿಗೂ ಹೆಚ್ಚು. ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಮರದ ಕಂಬಗಳು, ಬಿಗಿದ ತಂತಿಗಳು. ರೈಟ್ ಸೋದರರು ಬಳಸಿದ್ದು ಸ್ಪ್ರೂಸ್ ಎಂಬ ಹಗುರ ಮರ, ಹತ್ತಿ ಬಟ್ಟೆ, ಸೈಕಲಿನಂಥ ಸರಪಳಿ. ಎಂಜಿನ್ನಿನ ಶಕ್ತಿ ಬರೀ 12 ಅಶ್ವಶಕ್ತಿ. ಈಗಿನ ಎಷ್ಟೋ ಬೈಕುಗಳಿಗೆ ಅದಕ್ಕಿಂತ ಹೆಚ್ಚಿದೆ. 1903ರ ಡಿಸೆಂಬರ್ 17ರಂದು ಅದು ಮೊದಲು ಹಾರಿದ್ದು 12 ಸೆಕೆಂಡು, ಸುಮಾರು 37 ಮೀಟರ್ ದೂರ.

ಆಚಾರ್ರು ಕೈಕಟ್ಟಿಕೊಂಡು ಒಂದು ಸುತ್ತು ಬಂದರು. ಮತ್ತೊಂದು ಸುತ್ತು ಬಂದರು. ರೆಕ್ಕೆಯ ಒಳಗಿನ ಪಕ್ಕೆಲುಬುಗಳ ರಚನೆ ವಿವರಿಸಿದೆ. ಒಂದೇ ದಪ್ಪ ಹಲಗೆಯಲ್ಲ, ತೆಳುವಾದ ಎರಡು ಪಟ್ಟಿ, ಅವುಗಳ ನಡುವೆ ಅಲ್ಲಲ್ಲಿ ಚಿಕ್ಕ ತುಂಡುಗಳು. "ಹೆಜ್ಜಾರ್ಲೆ ಮೂಳೆ" ಎಂದಳು ಮೊಮ್ಮಗಳು. ಆಚಾರ್ರು ಬಹಳ ಹೊತ್ತಿನ ಮೇಲೆ ಹೇಳಿದರು: "ಗಾಡೀಲಿ ಅನುಮಾನ ಬಂದ್ರೆ ಮರ ಒಂಚೂರು ದಪ್ಪ ಮಾಡ್ತೀವಿ. ಇಲ್ಲಿ ದಪ್ಪ ಮಾಡಂಗಿಲ್ಲ. ಅನುಮಾನ ಬಂದ್ರೆ ಲೆಕ್ಕ ಹಾಕ್ಬೇಕು."

ವಿಮಾನ ಕಟ್ಟುವ ಗುಟ್ಟೇ ಅದು. ರೈಟ್ ಸೋದರರೂ 1901ರಲ್ಲಿ ಪೆಟ್ಟಿಗೆಯಂಥ ಒಂದು ಗಾಳಿ ಸುರಂಗ ಮಾಡಿ, ಅದರಲ್ಲಿ ಬಗೆಬಗೆಯ ಪುಟ್ಟ ರೆಕ್ಕೆಗಳನ್ನಿಟ್ಟು ಅಳೆದು ನೋಡಿದ್ದರು. ಆ ಲೆಕ್ಕದ ಮೇಲೆ ಕಟ್ಟಿದ್ದರಿಂದಲೇ ಅದು ಹಾರಿತು.

ಊಟಕ್ಕೆ ಕೂತಾಗ ಮೊಮ್ಮಗಳು ಮತ್ತೆ ಕೇಳಿದಳು. "ಅಜ್ಜಿ, ಮನೇಲಿ ವಿಮಾನ ಕಟ್ಟಿ ನಿಜವಾಗ್ಲೂ ಹಾರಿದೋರು ಇದ್ದಾರಾ?"

ಇದ್ದಾರೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಚೆರಿ ಗ್ರೋವ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬ ಮೆಕ್ಯಾನಿಕ್ ಇದ್ದರು. ತಾವೇ ಕಲಿತವರು. 1929ರಲ್ಲಿ ಮರ, ಬಟ್ಟೆಯ ವಿಮಾನಕ್ಕೆ ಫೋರ್ಡ್ ಕಾರಿನ ಎಂಜಿನ್ ಕೂರಿಸಿ ಹಾರಿಸಿದರು. ಒಂದರ ಹಿಂದೊಂದು ಎರಡು ತೆರೆದ ಆಸನ, ತಲೆಯ ಮೇಲೆ ಕೊಡೆಯಂತೆ ರೆಕ್ಕೆ. ಅದರ ನಕ್ಷೆ ನೋಡಿ ಮನೆಯ ಶೆಡ್ಡಿನಲ್ಲಿ ಅದನ್ನೇ ಕಟ್ಟುವವರು ಇಂದಿಗೂ ಇದ್ದಾರೆ.

ಎಲ್ಲರ ಕಥೆಯೂ ಸುಖವಾಗಿ ಮುಗಿಯಲಿಲ್ಲ ಎಂಬುದನ್ನೂ ಹೇಳಿದೆ. ಫ್ರಾನ್ಸಿನ ಆನ್ರಿ ಮಿನ್ಯೆ 1933ರಲ್ಲಿ 'ಹಾರುವ ಚಿಗಟ' ಎಂಬ ಪುಟ್ಟ ವಿಮಾನ ಮಾಡಿ, ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದರು. ಎಷ್ಟೋ ಜನ ಕಟ್ಟಿದರು. ಹಲವರು ಅಪಘಾತದಲ್ಲಿ ಸತ್ತರು. ಆಮೇಲೆ ದೊಡ್ಡ ಗಾಳಿ ಸುರಂಗದಲ್ಲಿಟ್ಟು ನೋಡಿದಾಗ ತಿಳಿಯಿತು, ಮೂತಿ ತೀರಾ ಕೆಳಗಾದರೆ ಅದನ್ನು ಮತ್ತೆ ಮೇಲೆತ್ತಲು ಆಗುತ್ತಿರಲಿಲ್ಲ. ಮೊಮ್ಮಗಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು ಸುಮ್ಮನಾದಳು. "ಮೊದಲೇ ನೋಡಬೇಕಿತ್ತು" ಎಂದಳು.

ನಮ್ಮ ಬೆಂಗಳೂರಿನಲ್ಲಿ ಮೊದಲೇ ನೋಡುವ ಕೆಲಸ ನಡೆದಿದೆ. ಅಮೆರಿಕದ ಬರ್ಟ್ ರುಟಾನ್ ಎಂಬುವರು ಮನೆಯಲ್ಲಿ ಕಟ್ಟುವವರಿಗೆಂದೇ 'ಲಾಂಗ್ ಈಝೀ' ಎಂಬ ವಿಮಾನ ರೂಪಿಸಿದ್ದರು. ಅದನ್ನು ಆಧಾರವಾಗಿಟ್ಟುಕೊಂಡು ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯವರು ಒಂದು ಹಗುರ ವಿಮಾನ ಕಟ್ಟಿ 1987ರಲ್ಲಿ ಹಾರಿಸಿದರು. ರೈಟ್ ಸೋದರರ ವಿಮಾನದಲ್ಲಿದ್ದಂತೆ ಅದಕ್ಕೂ ಮೂತಿಯ ಕಡೆ ಒಂದು ಚಿಕ್ಕ ರೆಕ್ಕೆ! ಮರದ ಬದಲು ಗಾಜಿನ ನಾರನ್ನು ಅಂಟಿನಲ್ಲಿ ನೆನೆಸಿ ಪದರ ಪದರವಾಗಿ ಹಚ್ಚಿ ಕಟ್ಟುವ ವಿಧಾನ ಅದರದು. ಇಂಥ ನಾರಿನ ಮೈಯನ್ನೇ ಇಟ್ಟುಕೊಂಡು ಅದೇ ಸಂಸ್ಥೆ ಮುಂದೆ 'ಹಂಸ' ಎಂಬ ಎರಡು ಆಸನದ ತರಬೇತಿ ವಿಮಾನ ಮಾಡಿತು. ಹಂಸ ಮೊದಲು ಹಾರಿದ್ದು 1993ರಲ್ಲಿ. ವಿಮಾನಯಾನ ಇಲಾಖೆಯ ಪ್ರಮಾಣಪತ್ರ ಬಂದದ್ದು 2000ದಲ್ಲಿ. ನಡುವಿನ ಅಷ್ಟೂ ವರ್ಷ ತಿದ್ದುವುದು, ಪರೀಕ್ಷಿಸುವುದು, ಮತ್ತೆ ತಿದ್ದುವುದು.

ಮುಂಬೈಯಲ್ಲಿ ಕ್ಯಾಪ್ಟನ್ ಅಮೋಲ್ ಯಾದವ್ ಎಂಬ ಪೈಲಟ್ ಮನೆಯ ತಾರಸಿಯ ಮೇಲೇ ಆರು ಆಸನಗಳ ವಿಮಾನ ಕಟ್ಟಿದರು. 2016ರಲ್ಲಿ ಅದನ್ನು ಜನ ಪ್ರದರ್ಶನದಲ್ಲಿ ನೋಡಿದರು. ಹಾರಿಸಲು ಅನುಮತಿ ಸಿಕ್ಕಿದ್ದು 2019ರಲ್ಲಿ. ಕಟ್ಟುವ ಹಕ್ಕು ನಮ್ಮದಾದರೂ ಹಾರಬಹುದು ಎಂದು ಹೇಳಬೇಕಾದವರು ಬೇರೆಯವರು. ಅದು ಕಿರಿಕಿರಿ ಎನಿಸಬಹುದು. ಆದರೆ ನಮ್ಮ ಕೆಲಸದಲ್ಲಿ ನಮಗೆ ಕಾಣದ ತಪ್ಪು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ಮಳವಳ್ಳಿಗೆ ಬಂದ ಮೇಲಿನ ಭಾನುವಾರ ಆಚಾರ್ರು ಮೊಮ್ಮಗಳನ್ನು ಕರೆದು ಕೈಗೆ ಉಳಿ ಕೊಟ್ಟರು. ಬಿದಿರು ಸೀಳಿ, ಎರಡು ತೆಳು ಪಟ್ಟಿ ಮಾಡಿ, ನಡುವೆ ತುಂಡುಗಳನ್ನು ಅಂಟಿಸಿ ಒಂದು ಮೊಳದ ಪಕ್ಕೆಲುಬು ಮಾಡುವುದು ಮೊದಲ ಪಾಠ. ಅಂಟು ಒಣಗಿದ ಮೇಲೆ ಅದನ್ನು ಎರಡು ಇಟ್ಟಿಗೆಗಳ ಮೇಲಿಟ್ಟು, ನಡುವೆ ಚೀಲ ತೂಗುಹಾಕಿ ಸೇರು ಸೇರಾಗಿ ರಾಗಿ ಸುರಿದರು. ಮೊದಲನೆಯದು ಎರಡು ಸೇರಿಗೇ ಮುರಿಯಿತು. ಎರಡನೆಯದು ನಾಲ್ಕು ತಡೆಯಿತು. ಯಾವ ಕೀಲು ಬಿಟ್ಟಿತು, ಎಷ್ಟು ಭಾರಕ್ಕೆ ಬಿಟ್ಟಿತು ಎಂದು ಅವಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ಈಗ ಏಳನೆಯದು ಒಣಗುತ್ತಿದೆ. ಪಕ್ಕದ ಮನೆಯ ಇಬ್ಬರು ಹುಡುಗರೂ ಬಂದು ಕೂರುತ್ತಾರೆ. ಆಚಾರ್ರು ಅವರಿಗೂ ಒಂದೊಂದು ಉಳಿ ಸಾಣೆ ಹಿಡಿದು ಇಟ್ಟಿದ್ದಾರೆ.